ಬೀಗದ ತಾತನ ಕೋಟು

ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ಮೇಲಿನ ಮನೆಯ ಕುಕ್ಕರ್ ಕೂಗಿತು. ನಾನು ಒಲೆಯ ಮುಂದೆ ನಿಂತಿದ್ದೆ. ಕೂಗು ನಿಂತ ಮೇಲೆ ಮೆಟ್ಟಿಲ ಕಡೆಯಿಂದ ಒಂದು ವಾಕ್ಯ ಕೇಳಬೇಕಿತ್ತು. ಕಾದೆ. ಕೇಳಲಿಲ್ಲ. ಹಾಲು ಉಕ್ಕಿತು.

"ಒಲೆ ಆರಿಸೇ. ಹಾಲು ತಾನೆ, ಒರೆಸಿದ್ರೆ ಹೋಗುತ್ತೆ," ಎಂದರು ಅತ್ತೆ. ಮಗನನ್ನು ಕಳೆದುಕೊಂಡವರು ಅವರು. ಬಟ್ಟೆ ತಂದು ಒರೆಸಿದವರೂ ಅವರೇ.

ನನ್ನ ಗಂಡ ಕನ್ನಡಕದ ಅಂಗಡಿ ಇಟ್ಟಿದ್ದ. ಒಂದು ಸಂಜೆ ಯಾರದೋ ಕನ್ನಡಕದ ತಿರುಪು ಬಿಗಿಮಾಡುತ್ತಿದ್ದವನು ಹಾಗೆಯೇ ಮೇಜಿನ ಮೇಲೆ ತಲೆಯಿಟ್ಟ. ಹೃದಯ ನಿಂತಿದೆ ಎಂದರು ಡಾಕ್ಟರು. ಅದಕ್ಕಿಂತ ಹೆಚ್ಚು ನನಗೂ ಗೊತ್ತಿಲ್ಲ.

ಅಂಗಡಿಗೆ ಹೋಗುವ ಮೊದಲು ಅವನು ಪ್ರತಿದಿನ ಮೆಟ್ಟಿಲ ತಿರುವಿನಲ್ಲಿ ನಿಂತು ಭಾಷಣ ಅಭ್ಯಾಸ ಮಾಡುತ್ತಿದ್ದ. ಅಲ್ಲಿ ದನಿ ಚೆನ್ನಾಗಿ ಮೊಳಗುತ್ತದಂತೆ. ವಿದ್ಯುತ್ ಆಯೋಗದ ಸಾರ್ವಜನಿಕ ಸಭೆಯಲ್ಲಿ ಆಡಬೇಕಾದ ಭಾಷಣ. ಸೋಲಾರ್ ಫಲಕ ಹಾಕಿಸಿಕೊಂಡವರಿಗೆ, ಅದು ಕೊಟ್ಟಷ್ಟು ಕರೆಂಟನ್ನು ಬಿಲ್ಲಿನಲ್ಲಿ ಕಳೆಯಬೇಕು ಎಂಬ ಹೊಸ ನಿಯಮ ತಯಾರಾಗುತ್ತಿತ್ತು. ಕರಡಿನಲ್ಲಿ 'ಸೂರಿನ ಮಾಲೀಕರಿಗೆ' ಎಂದಿತ್ತು. ನಮ್ಮ ಕಟ್ಟಡದಲ್ಲಿ ಮಾಲೀಕ ಒಬ್ಬರೇ, ಮಿಕ್ಕವರೆಲ್ಲ ಬಾಡಿಗೆಯವರು. ಊರಿನ ಅರ್ಧಕ್ಕರ್ಧ ಜನ ಹಾಗೇ. ಶಾಲೆಯದೋ ಬಸ್ ನಿಲ್ದಾಣದ್ದೋ ಸೂರಿನ ಮೇಲೆ ಫಲಕ ಹಾಕಿ, ಅದರಲ್ಲಿ ಬಾಡಿಗೆಯವರೂ ಪಾಲು ತೆಗೆದುಕೊಳ್ಳುವಂತಾಗಲಿ, ಅವರ ಬಿಲ್ಲಿನಲ್ಲೂ ಕಳೆಯಲಿ ಎಂಬುದು ಅವನ ಬೇಡಿಕೆ. ಈ ಸಭೆಯೇ ಕೊನೆಯದು. ನಿಯಮ ಒಮ್ಮೆ ಅಚ್ಚಾದರೆ ಮತ್ತೆ ವರ್ಷಗಟ್ಟಲೆ ಅದನ್ನು ಯಾರೂ ಮುಟ್ಟುವುದಿಲ್ಲ.

ಭಾಷಣದ ನಡುವೆ ಒಂದು ಮಾತಿತ್ತು. 'ಸೂರು ನಮ್ಮದಲ್ಲ, ಆದರೆ ಬಿಸಿಲು ಯಾರ ಆಸ್ತಿಯೂ ಅಲ್ಲ.' ಅವನು 'ಆದರೆ' ಎನ್ನುವ ಹೊತ್ತಿಗೆ ಸರಿಯಾಗಿ ಮೇಲಿನ ನರ್ಸಕ್ಕನ ಕುಕ್ಕರ್ ಕೂಗುತ್ತಿತ್ತು. ಅವನು ನಿಲ್ಲಿಸುತ್ತಿದ್ದ. ಕೂಗು ಮುಗಿದ ಮೇಲೆ ಬಿಸಿಲಿಗೆ ಬರುತ್ತಿದ್ದ. ನರ್ಸಕ್ಕ ಅಡುಗೆ ಮಾಡದ ದಿನವೂ ಅಲ್ಲಿ ನಿಲ್ಲಿಸುವುದು ಅವನಿಗೆ ಅಭ್ಯಾಸವಾಗಿಬಿಟ್ಟಿತ್ತು. ಕೇಳಿ ಕೇಳಿ ಕಟ್ಟಡಕ್ಕೆಲ್ಲ ಭಾಷಣ ಬಾಯಿಪಾಠವಾಗಿತ್ತು.

ಹಾಲು ಒರೆಸಿ ಮುಗಿಯುವಷ್ಟರಲ್ಲಿ ಬಾಗಿಲು ತಟ್ಟಿದ ಸದ್ದಾಯಿತು. ಕೆಳಗಿನ ಟೈಲರ್ ಅಣ್ಣ. ಕೈಯಲ್ಲಿ ಕಪ್ಪು ಕೋಟು.

"ರೆಡಿಯಾಗಿ ಆವತ್ತಿಂದ ಅಂಗಡೀಲೇ ಇತ್ತು, ತಂಗಿ. ತರೋಕೆ ಕಾಲೇ ಬರ್ಲಿಲ್ಲ."

ಅದು ಮಾಲೀಕರ ಕೋಟು. ಅವರನ್ನು ಎಲ್ಲರೂ ಬೀಗದ ತಾತ ಎನ್ನುತ್ತಾರೆ. ತಾರಸಿಗೊಂದು ಬೀಗ, ನೀರಿನ ತೊಟ್ಟಿಗೊಂದು, ಗೇಟಿಗೆ ಎರಡು. ಬಾಡಿಗೆಯವರ ಸೋಲಾರ್ ಎಂದರೆ ಅವರಿಗೆ ಮೈ ಉರಿಯುತ್ತಿತ್ತು. ಸಭೆಯಲ್ಲಿ ಅದನ್ನು ವಿರೋಧಿಸಲು ತಾವೂ ಹೆಸರು ಕೊಟ್ಟಿದ್ದರು. ಆದರೂ ನನ್ನ ಗಂಡ ಹೋಗಿ ಸಭೆಗೆ ಹಾಕಿಕೊಳ್ಳಲು ಕೋಟು ಕೇಳಿದ. ತಾತ ಕೊಟ್ಟರು. ಆ ದಿನ ನಾನೂ ಜೊತೆಗಿದ್ದೆ.

"ನನ್ನ ಬಿಲ್ಡಿಂಗಿನವನು ಸ್ವೆಟರ್ ಹಾಕ್ಕೊಂಡು ಆಫೀಸರುಗಳ ಮುಂದೆ ನಿಂತ್ರೆ ನನ್ನ ಮರ್ಯಾದೆ ಏನಾಗ್ಬೇಕು? ತಗೊಂಡು ಹೋಗು. ನಿನ್ನ ಮಾತು ಸೋಲಲಿ, ನನ್ನ ಕೋಟು ಗೆಲ್ಲಲಿ," ಎಂದಿದ್ದರು.

ಬೀಗದ ತಾತ ಒಂದು ಕಾಲದಲ್ಲಿ ಆಳು ದಪ್ಪ. ನನ್ನ ಗಂಡ ಕಡ್ಡಿ. ಕೋಟು ಅವನ ಮೇಲೆ ಗೂಟಕ್ಕೆ ನೇತುಹಾಕಿದ ಹಾಗಿತ್ತು. ಟೈಲರ್ ಅಣ್ಣ ತಾತನಿಗೆ ತಿಳಿಸದೆಯೇ ಅದರ ಭುಜ, ಬೆನ್ನು, ತೋಳು ಮೂರನ್ನೂ ಒಳಗಿನಿಂದ ಮಡಚಿ ಅವನ ಅಳತೆಗೆ ಹೊಲಿದ. ಮತ್ತೆ ಬಿಚ್ಚಿದರೆ ಗುರುತೂ ಉಳಿಯದಂಥ ಹೊಲಿಗೆ. ನನ್ನ ಗಂಡ ಅದನ್ನು ಒಂದೇ ಒಂದು ಸಲ, ಅಳತೆ ನೋಡಲು, ಹಾಕಿಕೊಂಡಿದ್ದ. ಅದರಲ್ಲಿ ಅವನ ವಾಸನೆಯೂ ಇರಲಿಲ್ಲ. ನುಸಿಗುಳಿಗೆಯ ವಾಸನೆ.

"ಸಭೆ ನಾಳೆ. ನಂದೂ ಹೆಸರಿದೆ. ಮೊದಲು ಎರಡು ಮಾತಾಡಿ ಕೂರೋಣ ಅಂತಿದ್ದೆ. ಈಗ ಅವನದೇ ಪೂರ್ತಿ ಹೇಳ್ತೀನಿ. ನೀನೂ ಬಾ," ಎಂದ ಅಣ್ಣ.

"ಕೋಟು ನೀವೇ ಹಾಕ್ಕೊಳ್ಳಿ."

ಅವನು ಹೊಟ್ಟೆ ತೋರಿಸಿದ. "ಇದನ್ನ ಮಡಚಿ ಹೊಲಿಯೋ ಟೈಲರು ಇನ್ನೂ ಹುಟ್ಟಿಲ್ಲ."

ನನಗೆ ಹೋಗುವ ಮನಸ್ಸಿರಲಿಲ್ಲ. ಯಾವುದರ ಮನಸ್ಸೂ ಇರಲಿಲ್ಲ. ಅತ್ತೆ ಕೋಟನ್ನು ನನ್ನ ಕೈಗಿಟ್ಟರು.

"ಹೋಗು. ಇಲ್ಲಿ ಕೂತು ಗೋಡೆ ಕಾಯೋದೇನಿದೆ? ಗೋಡೆ ಎಲ್ಲೂ ಓಡಿಹೋಗಲ್ಲ. ನಾನೂ ಇರ್ತೀನಿ ಕಾಯೋಕೆ."

ಸಭಾಂಗಣದಲ್ಲಿ ಏಸಿ ಎಷ್ಟಿತ್ತೆಂದರೆ ಬಾಗಿಲಲ್ಲೇ ಹಲ್ಲು ಕಟಕಟಿಸಿತು. "ಕರೆಂಟ್ ಉಳಿಸೋ ಸಭೆ ಇದೇ ತಾನೆ? ಅಥವಾ ಐಸ್‌ಕ್ರೀಂ ಫ್ಯಾಕ್ಟರಿಗೆ ಬಂದ್ವಾ?" ಎಂದಳು ನರ್ಸಕ್ಕ. ನಾನು ಕೋಟು ಹಾಕಿಕೊಂಡೆ. ಭುಜ ಸ್ವಲ್ಪ ಅಗಲ, ಅಷ್ಟೆ. ನಮ್ಮ ಕಟ್ಟಡದವರೆಲ್ಲ ಒಂದೇ ಸಾಲಿನಲ್ಲಿ ಕೂತೆವು. ಬೀಗದ ತಾತ ನಡುವಿನ ದಾರಿಯ ಆಚೆ ಒಬ್ಬರೇ ಕೂತರು. ಬೀಗದ ಕೈಗೊಂಚಲು ತೊಡೆಯ ಮೇಲೆ. ನನ್ನ ಮೈಮೇಲಿದ್ದ ಕೋಟನ್ನು ಒಮ್ಮೆ ನೋಡಿದರು.

ಆಯೋಗದ ಅಧ್ಯಕ್ಷೆ ಬಿಳಿ ಕೂದಲಿನ, ಚುರುಕು ಕಣ್ಣಿನ ಹೆಂಗಸು. ಗುಮಾಸ್ತ ಹೆಸರು ಕರೆಯುತ್ತ ಹೋದ. ನನ್ನ ಗಂಡನ ಹೆಸರು ಬಂತು. ಯಾರೋ ಎದ್ದು ತಿಳಿಸಿದರು. ಅಧ್ಯಕ್ಷೆ ತಲೆ ತಗ್ಗಿಸಿ, ಸ್ವಲ್ಪ ಬಿಟ್ಟು "ಮುಂದಿನವರು" ಎಂದರು. ಅದೇ ಸರಿಯಾದ ಮಾತು ಅನ್ನಿಸಿತು ನನಗೆ.

ಮುಂದಿನವನು ಟೈಲರ್ ಅಣ್ಣ. ಮೈಕಿನ ಮುಂದೆ ನಿಂತು, ಕೊರಳಿನಲ್ಲಿ ಮರೆತು ಬಂದಿದ್ದ ಅಳತೆಪಟ್ಟಿಯ ಎರಡು ತುದಿ ಹಿಡಿದುಕೊಂಡು ಶುರುಮಾಡಿದ.

"ಅಧ್ಯಕ್ಷರೇ, ಎಲ್ಲೋ ಕಲ್ಲಿದ್ದಲು ಉರಿದು ನನ್ನ ಮನೆಯ ಫ್ಯಾನು ತಿರುಗುತ್ತದೆ. ಕಲ್ಲಿದ್ದಲು ಉರಿದಷ್ಟೂ ಸೆಕೆ ಹೆಚ್ಚುತ್ತದೆ. ಸೆಕೆ ಹೆಚ್ಚಿದಷ್ಟೂ ನಾನು ಫ್ಯಾನು ಜೋರು ಮಾಡುತ್ತೇನೆ. ತನ್ನ ಬಾಲವನ್ನೇ ಕಚ್ಚಲು ಓಡುವ ನಾಯಿಯ ಹಾಗೆ ನಾವು ಸುತ್ತುತ್ತಿದ್ದೇವೆ. ಇದನ್ನು ನಿಲ್ಲಿಸುವ ಕೆಲಸದಲ್ಲಿ ನಮಗೂ ಕೈ ಹಾಕಲು ಬಿಡಿ. ಸೂರು ನಮ್ಮದಲ್ಲ, ಆದರೆ."

ಅಣ್ಣ ನಿಲ್ಲಿಸಿದ.

ಎಲ್ಲರೂ ಕಾದರು. ಅವನು ಛಾವಣಿ ನೋಡುತ್ತ ನಿಂತೇ ಇದ್ದ. ನಮ್ಮ ಸಾಲಿಗೆ ಸಾಲೇ ಅವನ ಜೊತೆ ತುಟಿ ಅಲ್ಲಾಡಿಸುತ್ತಿತ್ತು. ಈಗ ನಮ್ಮ ತುಟಿಗಳೂ ನಿಂತವು. ನರ್ಸಕ್ಕ ಕಣ್ಣು ಮುಚ್ಚಿಕೊಂಡಿದ್ದಳು.

"ಆದರೆ ಏನು?" ಎಂದರು ಅಧ್ಯಕ್ಷೆ.

ಅಣ್ಣನಿಗೆ ಕೇಳಿಸಲಿಲ್ಲವೇನೋ. ಗುಮಾಸ್ತ ಎದ್ದು ಮೈಕಿನ ತಂತಿ ಪರೀಕ್ಷಿಸಿದ. ಆಗ ದಾರಿಯ ಆಚೆಯಿಂದ ಬೀಗದ ತಾತ ಸಿಡುಕಿದರು.

"ಕೂಗಿ ಆಯ್ತಲ್ಲಯ್ಯಾ, ಮುಂದೆ ಹೇಳು."

"ಬಿಸಿಲು ಯಾರ ಆಸ್ತಿಯೂ ಅಲ್ಲ," ಎಂದ ಅಣ್ಣ, ನಿದ್ದೆಯಿಂದ ಎದ್ದವನ ಹಾಗೆ.

"ಏನು ಕೂಗಿದ್ದು?" ಅಧ್ಯಕ್ಷೆ ಕೇಳಿದರು.

"ಕುಕ್ಕರು, ಮೇಡಂ."

"ಯಾರ ಕುಕ್ಕರು?"

"ನಂದು," ಎಂದು ನರ್ಸಕ್ಕ ಕೈಯೆತ್ತಿದಳು. "ಅವರು ದಿನಾ ಮೆಟ್ಟಿಲಲ್ಲಿ ಇದನ್ನೇ ಹೇಳ್ತಿದ್ರು. ಇಲ್ಲಿಗೆ ಬಂದಾಗ ನನ್ನ ಕುಕ್ಕರ್ ಅಡ್ಡ ಬರ್ತಿತ್ತು. ನಾವೆಲ್ಲ ಕುಕ್ಕರ್ ಸಮೇತ ಕಲ್ತುಬಿಟ್ಟಿದೀವಿ."

ನಗು ಮೊದಲು ಹಿಂದಿನ ಸಾಲಿನಲ್ಲಿ ಎದ್ದಿತು. ಗುಮಾಸ್ತ ಕಡತದಿಂದ ಮುಖ ಮುಚ್ಚಿಕೊಂಡ. ಅಧ್ಯಕ್ಷೆ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ನನ್ನೊಳಗೂ ಏನೋ ಕದಲಿತು. ನಾನು ನಗುತ್ತಿದ್ದೇನೆಂದು ತಿಳಿದಾಗ ಹೊಟ್ಟೆ ನೋಯುತ್ತಿತ್ತು. ನರ್ಸಕ್ಕ ನನ್ನ ಮುಖ ನೋಡಿ ಇನ್ನೂ ಜೋರಾಗಿ ನಕ್ಕಳು.

ನಗು ಇಳಿದ ಮೇಲೆ ಅಣ್ಣ ಶಾಲೆಯ ಸೂರು, ಬಾಡಿಗೆಯವರ ಪಾಲು ಎಲ್ಲ ಹೇಳಿ ಭಾಷಣ ಮುಗಿಸಿದ. ಅಧ್ಯಕ್ಷೆ ಕನ್ನಡಕ ಹಾಕಿಕೊಂಡು ಕೇಳಿದರು. "ಮಾತು ಒಪ್ಪುವಂಥದ್ದೇ. ಆದರೆ ಬಾಡಿಗೆಯವರು ಇವತ್ತು ಈ ಮನೆ, ನಾಳೆ ಆ ಮನೆ. ಮನೆ ಬಿಟ್ಟ ದಿನ ಅವರ ಪಾಲಿನ ಗತಿ ಏನು? ನಮ್ಮ ಅಧಿಕಾರಿಗಳು ಬೇಡ ಅನ್ನೋದು ಇದೊಂದಕ್ಕೇ."

ಅಣ್ಣ ನಮ್ಮ ಕಡೆ ತಿರುಗಿದ. ಭಾಷಣದಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ನನಗೆ ಉತ್ತರ ಗೊತ್ತಿತ್ತು. ನಾನು ನಗರದ ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು. ಯಾವುದನ್ನೂ ಪರೀಕ್ಷಿಸದೆ ಒಪ್ಪುವವಳಲ್ಲ ಎಂದು ನನ್ನ ಗಂಡ ಛೇಡಿಸುತ್ತಿದ್ದ. ಇದೇ ಪ್ರಶ್ನೆಯನ್ನು ನಾನು ಪಾತ್ರೆ ತೊಳೆಯುತ್ತ ಅವನಿಗೆ ಹಾಕಿದ್ದೆ. ಅವನು ತಟ್ಟೆ ಒರೆಸುತ್ತ ಉತ್ತರ ಕೊಟ್ಟಿದ್ದ. ಅದನ್ನು ಭಾಷಣಕ್ಕೆ ಸೇರಿಸು ಎಂದರೆ, "ಅದು ನಿನ್ನ ಪ್ರಶ್ನೆ, ಯಾರಾದ್ರೂ ಕೇಳಿದ್ರೆ ನೀನೇ ಎದ್ದು ಹೇಳು" ಎಂದು ನಕ್ಕಿದ್ದ.

ಎದ್ದೆ.

"ಮನೆ ಬದಲಾಯಿಸಿದ್ರೆ ಫೋನ್ ನಂಬರ್ ಬದಲಾಗಲ್ಲ, ಮೇಡಂ. ಹಾಗೇ ಇದೂ. ಪಾಲು ಮನೆ ಹೆಸರಲ್ಲಿ ಬೇಡ, ಮನುಷ್ಯರ ಹೆಸರಲ್ಲಿರಲಿ. ಫಲಕ ಶಾಲೆ ಮೇಲೆ ಇದ್ದಲ್ಲೇ ಇರುತ್ತೆ. ನಾವು ಯಾವ ಮನೆಗೆ ಹೋದ್ರೂ ಅಲ್ಲಿನ ಬಿಲ್ಲಲ್ಲಿ ಕಳೀಲಿ. ಊರೇ ಬಿಟ್ಟು ಹೋಗೋರು ಪಾಲನ್ನ ಇನ್ನೊಬ್ಬ ಬಾಡಿಗೆಯವರಿಗೆ ಬಿಟ್ಟುಕೊಡ್ಲಿ."

"ಇದು ನಿಮ್ಮ ಯೋಚನೆಯಾ?"

"ಪ್ರಶ್ನೆ ನಂದು. ಉತ್ತರ ನನ್ನ ಗಂಡಂದು."

ಅಧ್ಯಕ್ಷೆ ಪಕ್ಕದವರೊಡನೆ ಏನೋ ಮಾತಾಡಿದರು. ಆಮೇಲೆ ವಿರೋಧ ಹೇಳುವವರನ್ನು ಕರೆದರು. ಬೀಗದ ತಾತ ಎದ್ದರು. ಕೈಗೊಂಚಲು ಝಣ್ ಎಂದಿತು. ನರ್ಸಕ್ಕ ನನ್ನ ಕೈ ಹಿಡಿದುಕೊಂಡಳು.

"ಇವರೆಲ್ಲ ಸೇರಿ ನನ್ನ ತಾರಸಿ ಬೀಗ ಒಡೆಯೋಕೆ ಕಾನೂನು ತರ್ತಿದಾರೆ ಅಂತ ತಿಳ್ಕೊಂಡಿದ್ದೆ," ಎಂದರು. "ಆ ಹುಡುಗ ಅಷ್ಟು ದಿನ ಕಿರುಚಿದ್ರೂ ನಾನು ಕುಕ್ಕರ್‌ವರೆಗೆ ಕೇಳಿ ಬಾಗ್ಲು ಹಾಕ್ಕೊಳ್ತಿದ್ದೆ. ಅದರ ಮುಂದಿಂದು ಇವತ್ತೇ ಕೇಳಿದ್ದು. ಶಾಲೆ ಮೇಲೆ ಹಾಕ್ಕೊಂಡ್ರೆ ನಂದೇನು ಗಂಟು ಹೋಗುತ್ತೆ? ಹಾಕ್ಕೊಳ್ಳಲಿ." ಕೂರಲು ಹೋದವರು ಮತ್ತೆ ಎದ್ದರು. "ಇನ್ನೊಂದು. ಆಯಮ್ಮ ಹಾಕ್ಕೊಂಡಿರೋ ಕೋಟು ನಂದು. ಬರ್ಕೊಳ್ಳಿ."

ಗುಮಾಸ್ತ ನಿಜಕ್ಕೂ ಬರೆದುಕೊಂಡ.

ನಿಯಮ ಅಚ್ಚಾಗಿ ಬರುವ ಹೊತ್ತಿಗೆ ಬೇಸಿಗೆ ಬಂದಿತ್ತು. 'ಸೂರಿನ ಮಾಲೀಕರಿಗೆ ಮತ್ತು ಬಾಡಿಗೆದಾರರಿಗೆ' ಎಂದಿತ್ತು. ಪಾಲು ವ್ಯಕ್ತಿಯ ಹೆಸರಿನಲ್ಲಿ ಎಂದೂ ಇತ್ತು. ಟೈಲರ್ ಅಣ್ಣ ಅದನ್ನು ಮೆಟ್ಟಿಲ ತಿರುವಿನಲ್ಲಿ ನಿಂತು ಗಟ್ಟಿಯಾಗಿ ಓದಿದ. ಎಲ್ಲ ಬಾಗಿಲುಗಳೂ ತೆರೆದವು. ನರ್ಸಕ್ಕ ಒಳಗೆ ಓಡಿಹೋಗಿ ಬರೀ ನೀರು ಹಾಕಿ ಕುಕ್ಕರ್ ಕೂಗಿಸಿದಳು. ಅತ್ತೆ ಮೆಟ್ಟಿಲ ಮೇಲೆ ಕೂತು, ಮಂಡಿ ತಟ್ಟಿಕೊಂಡು ನಕ್ಕರು. ಆಮೇಲೆ ಸ್ವಲ್ಪ ಹೊತ್ತು ಅತ್ತರು. ನಾನು ಪಕ್ಕದಲ್ಲಿ ಕೂತೆ.

ಮರುದಿನ ಕೋಟು ಹಿಂತಿರುಗಿಸಬೇಕೆಂದುಕೊಂಡೆ. ಮೊದಲು ಒಳಹೊಲಿಗೆ ಬಿಚ್ಚಬೇಕಿತ್ತು. ಕೋಟನ್ನು ತೊಡೆಯ ಮೇಲೆ ತಿರುವಿ ಹಾಕಿಕೊಂಡು ಕತ್ತರಿ ಹಿಡಿದೆ. ಭುಜದಿಂದ ಭುಜಕ್ಕೆ ಹೊಲಿಗೆ ಸಾಲು. ಅವನ ಬೆನ್ನಿನ ಅಗಲ ಅಷ್ಟೇ ಇತ್ತು. ಮನೆಯಲ್ಲಿ ಅವನ ಅಂಗಿಗಳಿವೆ. ಅವು ಅಂಗಡಿಯವರ ಅಳತೆ. ಇದು ಅವನದು. ಕತ್ತರಿಯ ತುದಿಯನ್ನು ದಾರದ ಕೆಳಗಿಟ್ಟು ಬಹಳ ಹೊತ್ತು ಕೂತಿದ್ದೆ. ಕೊನೆಗೆ ಕತ್ತರಿ ಬಿಟ್ಟು, ಕೋಟು ತೆಗೆದುಕೊಂಡು ಕೆಳಗೆ ತಾತನ ಮನೆಗೆ ಹೋದೆ.

"ತಾತ, ನಿಮ್ಗೆ ಹೇಳ್ದೆ ಇದನ್ನ ಒಳಗಿಂದ ಮಡಚಿ ಹೊಲಿಸಿದ್ವಿ. ಬಿಚ್ಬೇಕು. ನನ್ನ ಕೈಲಿ ಆಗ್ಲಿಲ್ಲ. ಅಣ್ಣನ ಹತ್ರ ಬಿಚ್ಚಿಸ್ಕೊಳ್ಳಿ."

"ಗೊತ್ತು. ಸಭೇಲೇ ನೋಡ್ದೆ. ನನ್ನ ಕೋಟಿನ ಭುಜ ನನಗೆ ಗೊತ್ತಾಗಲ್ವಾ?" ಅವರು ಕೋಟು ಇಸಿದುಕೊಂಡು ಗುಂಡಿಗಳನ್ನು ಒಂದೊಂದಾಗಿ ಎಳೆದು ನೋಡಿದರು, ಕಿಸೆಗಳಿಗೆ ಕೈ ಹಾಕಿ ನೋಡಿದರು. ಆಮೇಲೆ ಬನಿಯನ್ನಿನ ಮೇಲೆಯೇ ತೊಟ್ಟುಕೊಂಡರು. ಒಂದು ತೋಳು, ಇನ್ನೊಂದು ತೋಳು. ಗುಂಡಿ ಹಾಕಿದರು.

ಕೋಟು ಅವರ ಮೈಗೆ ಅಂಟಿದ ಹಾಗೆ ಕೂತಿತು. ಭುಜ ಭುಜಕ್ಕೆ, ಬೆನ್ನು ಬೆನ್ನಿಗೆ. ತಾತ ದಪ್ಪಗಿದ್ದದ್ದು ಯಾವ ಕಾಲದಲ್ಲೋ. ನಾವು ಯಾರೂ ಅವರನ್ನು ಸರಿಯಾಗಿ ನೋಡಿಯೇ ಇರಲಿಲ್ಲ.

ಅವರು ಕನ್ನಡಿಯ ಮುಂದೆ ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ತಿರುಗಿದರು.

"ಯಾಕಮ್ಮ ಬಿಚ್ಬೇಕು?" ಎಂದರು. "ಇರ್ಲಿ ಬಿಡು."