ಮದ್ದಿನ ತೂಕ

ಅಮೆರಿಕದ ಮೊಂಟಾನಾದ ಅಂಗಡಿಗಳಲ್ಲಿ ಆ ವರ್ಷ ಬಂದೂಕಿನ ತೋಟಾ ಸಿಗುವುದೇ ಕಷ್ಟವಾಯಿತು. ಶಾಲೆಯ ಬಸ್ಸು ಓಡಿಸುವ ಮರ್ನಾ, ಬೇಟೆಯ ಕಾಲ ಬರುವಷ್ಟರಲ್ಲಿ ಮನೆಯಲ್ಲೇ ಖಾಲಿ ತೋಟಾಗಳಿಗೆ ಮದ್ದು ತುಂಬುವುದನ್ನು ಕಲಿಯಬೇಕೆಂದು ಹೊರಟಳು.

"ಹೊಸದ್ಯಾಕೆ? ನನ್ನ ಸಾಮಾನೆಲ್ಲ ಹಾಗೇ ಬಿದ್ದಿದೆ, ತಗೋ," ಎಂದ ಅಪ್ಪ ಆರ್ಲೋ.

ಮೂರು ವರ್ಷದ ಹಿಂದೆ, ತಾನೇ ತುಂಬಿದ ತೋಟಾ ಹಾರಿಸುವಾಗ ಬಂದೂಕು ಸಿಡಿದು ಅವನ ಬಲಗಣ್ಣು ಹೋಗಿತ್ತು. ಆ ಬಂದೂಕನ್ನು ರಿಪೇರಿ ಮಾಡಿಕೊಟ್ಟವನು ಸ್ವಂತ ತಮ್ಮ ವೆಂಡೆಲ್. ರಿಪೇರಿಯೇ ಕೆಟ್ಟಿತ್ತೆಂದು ಆರ್ಲೋ ಊರೆಲ್ಲ ಹೇಳಿದ; ಅಂದಿನಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ. ಊರವರೂ ವೆಂಡೆಲ್ ಹತ್ತಿರ ರಿಪೇರಿಗೆ ಬಂದೂಕು ತರುವುದನ್ನು ಬಿಟ್ಟರು. ಅವನು ಅಂಗಡಿ ಮುಚ್ಚಿ ಟ್ರ್ಯಾಕ್ಟರ್ ಶೆಡ್ಡಿನಲ್ಲಿ ಕೆಲಸಕ್ಕೆ ಸೇರಿದ.

ಭಾನುವಾರ ಅಪ್ಪ-ಮಗಳು ಅಡುಗೆಮನೆಯ ಮೇಜಿನ ಮೇಲೆ ಸಾಮಾನು ಹರಡಿಕೊಂಡು ಕೂತರು.

"ಈ ಪ್ರೆಸ್ಸು ಸಲಕ್ಕೆ ಒಂದೇ ತೋಟಾ ಒತ್ತುತ್ತೆ. ಕಲಿಯೋರಿಗೆ ಇದೇ ಸರಿ. ಒಟ್ಟೊಟ್ಟಿಗೆ ಹಲವು ಒತ್ತೋ ಬಿರುಸಿನ ಯಂತ್ರ ನಿನ್ನ ಕೈಗೆ ಬೇಡಮ್ಮ."

"ನನ್ನ ಕೈಗೇನಾಗಿದೆ? ದಿನಾ ನಲವತ್ತು ಮಕ್ಕಳನ್ನ ಹಿಮದಲ್ಲಿ ಮನೆ ಮುಟ್ಟಿಸ್ತೀನಿ!"

ಆರ್ಲೋ ನಕ್ಕ. ಮದ್ದು ತೂಗುವ ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿಗೆ ಹೊಸ ಬ್ಯಾಟರಿ ಹಾಕಿ ಅವಳ ಮುಂದಿಟ್ಟ. ಮರ್ನಾ ಹೊಸದಾಗಿ ಕೊಂಡಿದ್ದು ಒಂದೇ: ತಕ್ಕಡಿ ಪರೀಕ್ಷಿಸುವ ತೂಕದ ಬಟ್ಟುಗಳು. ಐವತ್ತರ ಬಟ್ಟು ಇಟ್ಟಳು. ನಲವತ್ಮೂರು ತೋರಿಸಿತು.

ತೆಗೆದು ಮತ್ತೆ ಇಟ್ಟಳು. ನಲವತ್ಮೂರೇ.

"ಅಪ್ಪಾ... ನೀನು ಯಾವತ್ತಾದ್ರೂ ಇದನ್ನ ಪರೀಕ್ಷೆ ಮಾಡಿದ್ಯಾ?"

ಆರ್ಲೋ ತಾನೇ ಬಟ್ಟು ಎತ್ತಿ ಇಟ್ಟ. ಒಂದೇ ಕಣ್ಣನ್ನು ಅಂಕೆಯ ಹತ್ತಿರ ತಂದು ನೋಡಿದ. ಅಂದು ತಕ್ಕಡಿ ಕಡಿಮೆ ತೋರಿಸಿದಷ್ಟೂ ಇವನು ತೋಟಾಕ್ಕೆ ಮದ್ದು ಹೆಚ್ಚು ಸುರಿದಿದ್ದ.

"ಬಂದೂಕು ಚೆನ್ನಾಗೇ ಇತ್ತು," ಎಂದ, ಯಾರೋ ಬೇರೆಯವರ ದನಿಯಲ್ಲಿ. "ನಡಿ, ಗಾಡಿ ತೆಗಿ. ವೆಂಡೆಲ್ ಮನೆಗೆ."

ವೆಂಡೆಲ್ ಬಾಗಿಲಲ್ಲೇ ನಿಂತು ಎಲ್ಲ ಕೇಳಿದ. ಬಯ್ಯುತ್ತಾನೆ, ಹೊಡೆದೇಬಿಡುತ್ತಾನೆ ಎಂದುಕೊಂಡಿದ್ದಳು ಮರ್ನಾ. ಅವನು ಮೆಟ್ಟಿಲ ಮೇಲೆ ಕುಸಿದು ಕೂತ.

"ನಾನೇ ಎಲ್ಲೋ ತಪ್ಪು ಮಾಡ್ದೆ ಅಂದ್ಕೊಂಡಿದ್ದೆ ಅಣ್ಣ. ನೀನು ಅಂದಿದ್ದನ್ನೇ ನಂಬಿಬಿಟ್ಟಿದ್ದೆ."

ಆರ್ಲೋ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತೇ ಇದ್ದ.

ಮುಂದಿನ ವಾರ ಮರ್ನಾಗೆ ಒಳ್ಳೆಯ ತಕ್ಕಡಿ ಆರಿಸಿಕೊಟ್ಟವನು ಚಿಕ್ಕಪ್ಪನೇ. ಆರ್ಲೋ ಊರಿನ ಕಾಫಿ ಹೋಟೆಲಿನಲ್ಲಿ ನಿಂತು ತಪ್ಪು ತನ್ನದೆಂದು ಎಲ್ಲರೆದುರು ಹೇಳಿದ. ಆದರೆ ವೆಂಡೆಲ್ ಇನ್ನೂ ಅಣ್ಣನ ಮನೆಯ ಹೊಸಿಲು ತುಳಿದಿಲ್ಲ.