ಗುರುವಾರದ ಜಡೆ

ರೇಡಿಯೊದಲ್ಲಿ ಫುಟ್‌ಬಾಲ್ ಬಗ್ಗೆ ಹರಟುವ ಆ ಮನುಷ್ಯನಿಗೆ ನಾನು ಇಟ್ಟಿರುವ ಹೆಸರುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ. ಭಾನುವಾರ ಚರ್ಚಿನಲ್ಲಿ ಹಾಡುವ ಬಾಯಿ ನನ್ನದು. ಆದರೆ ಆ ಗುರುವಾರ ಅವನಾಡಿದ ಮಾತು ಕೇಳಿದ್ದರೆ ನಮ್ಮ ಪಾದ್ರಿಗಳೂ ಸುಮ್ಮನಿರುತ್ತಿರಲಿಲ್ಲ.

"ಪ್ರತಿ ಗುರುವಾರ ಮಧ್ಯಾಹ್ನ ನೋಡಿ, ಮಾರ್ಕ್ವೆಲ್ ಗಾಡಿ ಮೈದಾನದಿಂದ ಹೊರಗೆ ಹೋಗತ್ತೆ. ಗ್ರೇಡಿ ಗಾಡಿ ಸಂಜೆವರೆಗೂ ಅಲ್ಲೇ ನಿಂತಿರತ್ತೆ. ಗ್ರೇಡಿ ರೈತರ ನಾಡಿನ ಹುಡುಗ, ಮೈ ಬಗ್ಗಿಸಿ ದುಡಿಯೋನು. ಮಾರ್ಕ್ವೆಲ್‌ಗೆ ದೇವರು ಕೈಕಾಲು ಧಾರಾಳವಾಗಿ ಕೊಟ್ಟಿದಾನೆ, ಒಪ್ಕೋತೀನಿ. ಆದ್ರೆ ಕೂತು ಕಲಿಯೋ ಬುದ್ಧಿ ಕೊಟ್ಟಿದಾನಾ? ಗುರುವಾರ ಎಲ್ಲಿಗೆ ಹೋಗಿ ಏನು ಕಡಿದು ಕಟ್ಟೆ ಹಾಕ್ತಾನೆ ಇವನು?"

ಅವನು ಹಾಗೆನ್ನುವಾಗ ನನ್ನ ತಮ್ಮನ ಮಗ ಮಾರ್ಕ್ವೆಲ್, ನಮ್ಮ ಕಪ್ಪು ಜನರ ಬಡಾವಣೆ ಆರೆಂಜ್ ಮೌಂಡಿನ ನನ್ನ ಅಂಗಡಿಯಲ್ಲಿ, ನೆಲದ ಮೇಲಿನ ದಿಂಬಿನ ಮೇಲೆ, ನನ್ನ ಎರಡು ಮೊಣಕಾಲುಗಳ ನಡುವೆ ತಲೆ ತಗ್ಗಿಸಿ ಕೂತಿದ್ದ. ಜಡೆ ಹೆಣೆಯುವುದು ನನ್ನ ಕಸುಬು. ನಮ್ಮ ಮನೆಯ ಗಂಡಸರೆಲ್ಲರ ಹಾಗೆ ಅವನದೂ ದಟ್ಟ ಕೂದಲು. ಹೆಲ್ಮೆಟ್ ಸರಿಯಾಗಿ ಕೂರಬೇಕೆಂದರೆ ನೆತ್ತಿಗೆ ಅಂಟಿದಂತೆ ಸಣ್ಣ ಸಣ್ಣ ಸಾಲಾಗಿ ಹೆಣೆಯಬೇಕು. ಅಷ್ಟು ಹೆಣೆಯಲು ಇಡೀ ಮಧ್ಯಾಹ್ನ ಬೇಕು. ತಲೆ ಅಲ್ಲಾಡಿಸುವ ಹಾಗಿಲ್ಲವಲ್ಲ, ಅದಕ್ಕೆ ಅವನು ತೊಡೆಯ ಮೇಲೆ ಟ್ಯಾಬ್ ಇಟ್ಟುಕೊಂಡು ಎದುರಾಳಿ ತಂಡದ ಹಳೆಯ ಆಟಗಳನ್ನು ನೋಡುತ್ತಾನೆ. ನೋಡುತ್ತ ಬಾಯಿಬಿಟ್ಟು ಹೇಳುತ್ತಾನೆ: ಇವನು ಮುಂದೆ ಬರುತ್ತಾನೆ, ಅವನು ಹಿಂದೆ ಸರಿಯುತ್ತಾನೆ, ಚೆಂಡು ಇಲ್ಲಿಗೆ. ಹೈಸ್ಕೂಲಿನಿಂದ ಹೀಗೇ. ಈಗ ನನ್ನ ಬಾಚಣಿಗೆ ನೆತ್ತಿಗೆ ತಾಗಿದರೆ ಸಾಕು, ಅವನ ಬಾಯಿ ತಾನಾಗಿ ಶುರುವಾಗುತ್ತದೆ.

"ಅತ್ತೆ, ರೇಡಿಯೊ ಆಫ್ ಮಾಡಿ," ಎಂದ ಮಾರ್ಕ್ವೆಲ್.

"ನಾನು ಫೋನ್ ಮಾಡ್ತೀನಿ ಆ ದರಿದ್ರದವನಿಗೆ. ಮೈಗಳ್ಳ ಅಂತೆ! ಬಂದು ನೋಡಲಿ ಇಲ್ಲಿ!"

"ಬೇಡ ಅತ್ತೆ. ನಾನು ದುಡೀತೀನಿ ಅಂತ ನಮ್ಮತ್ತೆ ಫೋನ್ ಮಾಡಿ ಹೇಳಿದ್ರೆ ಊರೆಲ್ಲ ನಗತ್ತೆ. ಶನಿವಾರ ಆಡಿ ತೋರಿಸ್ತೀನಿ, ಬಿಡಿ."

ಬಿಡು ಎಂದರೆ ಬಿಡುವ ಜಾತಿಯವಳೇ ನಾನು? ಫೋನ್ ಏನೋ ಮಾಡಲಿಲ್ಲ. ಸಿಟ್ಟೆಲ್ಲ ಬೆರಳಿಗೆ ಇಳಿಯಿತು. ಆ ಸಂಗತಿ ನನ್ನ ಗಮನಕ್ಕೇ ಬರಲಿಲ್ಲ.

ಶನಿವಾರ ಅಂದರೆ ಏನೆಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಈ ವರ್ಷದ ಪಂದ್ಯಗಳು ಶುರುವಾಗುವ ಮುಂಚಿನ ಕೊನೆಯ ಅಭ್ಯಾಸ ಪಂದ್ಯ. ನಮ್ಮ ಮೆಂಫಿಸಿನ ರಿವರ್‌ಮೆನ್ ತಂಡಕ್ಕೆ ಕ್ವಾರ್ಟರ್‌ಬ್ಯಾಕ್ ಯಾರು ಎಂದು ಕೋಚ್ ವಿಟ್‌ಲಾಕ್ ಅವತ್ತು ತೀರ್ಮಾನಿಸುತ್ತಾರೆ. ಕ್ವಾರ್ಟರ್‌ಬ್ಯಾಕ್ ಅಂದರೆ ಚೆಂಡೆಸೆಯುವವನು, ಉಳಿದ ಹತ್ತು ಜನರಿಗೆ ಏನು ಮಾಡಬೇಕೆಂದು ಹೇಳುವವನು, ತಂಡದ ತಲೆ. ಗ್ರೇಡಿ ಸೋತರೆ ಬೆಂಚಿನ ಮೇಲೆ ತನ್ನ ಸರದಿಗೆ ಕಾಯುತ್ತಾನೆ, ಅಷ್ಟೆ. ಮಾರ್ಕ್ವೆಲ್ ಸೋತರೆ ಆ ಜಾಗವೇ ಇಲ್ಲ. "ನಿನ್ನ ಕಾಲು ಚುರುಕು, ಇನ್ನು ಮೇಲೆ ಓಡಿ ಚೆಂಡು ಹಿಡಿ," ಎಂದು ಅವನಿಗೆ ಆಗಲೇ ಹೇಳಿಯಾಗಿತ್ತು.

ಅದೇ ಮಾತನ್ನು ಅವನಪ್ಪ ಅಲೋಂಜೊನಿಗೂ ಹೇಳಿದ್ದರು. ಅಲೋಂಜೊ ನನ್ನ ತಮ್ಮ. ಕಾಲೇಜಿನಲ್ಲಿ ಅವನಷ್ಟು ಚೆನ್ನಾಗಿ ಎಸೆಯುವವರು ಇಡೀ ಟೆನಿಸಿ ರಾಜ್ಯದಲ್ಲೇ ಇರಲಿಲ್ಲ. ವೃತ್ತಿ ತಂಡದವರು ಕರೆದರು, ಕಾಲು ನೋಡಿದರು, ಓಡು ಎಂದರು. ಅವನು ಓಡಲಿಲ್ಲ, ಮನೆಗೆ ಬಂದ. ಅಂದಿನಿಂದ ಊರಿನ ಬಸ್ಸು ಓಡಿಸುತ್ತಾನೆ. ಮಗನ ಆಟಕ್ಕೆ ತಪ್ಪದೆ ಬರುತ್ತಾನೆ, ಆದರೆ ಆಟದ ಬಗ್ಗೆ ಒಂದು ಮಾತಾಡುವುದಿಲ್ಲ. ಗುರುವಾರ ಅಂಗಡಿಯಲ್ಲಿ ಟ್ಯಾಬ್ ಹಚ್ಚಿದರೆ ಎದ್ದು ಹೊರಗೆ ಹೋಗಿ ತನ್ನ ಗಾಡಿಯಲ್ಲಿ ಕೂರುತ್ತಾನೆ. ನನ್ನ ತಮ್ಮನನ್ನು ಕಂಡರೆ ನನ್ನ ಕರುಳು ಚುರುಕ್ ಎನ್ನುತ್ತದೆ. ಅದನ್ನು ಅವನಿಗೆ ಹೇಳಿದರೆ, "ಅಕ್ಕ, ಮೀನು ಸೀದು ಹೋಗ್ತಿದೆ ನೋಡು," ಎನ್ನುತ್ತಾನೆ.

ಇನ್ನು ಗ್ರೇಡಿ, ಬಿಳಿಯರ ಹುಡುಗ. ಅವನನ್ನು ದ್ವೇಷಿಸಬೇಕೆಂದು ನಾನು ಎಷ್ಟೋ ಪ್ರಯತ್ನಪಟ್ಟೆ, ಆಗಲಿಲ್ಲ. ಮಾರ್ಕ್ವೆಲ್ ಅವನನ್ನು ಒಂದು ಭಾನುವಾರ ಊಟಕ್ಕೆ ಕರೆತಂದಿದ್ದ. ಕರಿದ ಮೀನು, ಸೊಪ್ಪಿನ ಪಲ್ಯ, ಜೋಳದ ಬ್ರೆಡ್ಡು, ಮೂರನ್ನೂ ಮೂರು ಸಲ ಹಾಕಿಸಿಕೊಂಡ.

"ನಿಮ್ಮ ಹೊಲದಲ್ಲಿ ಏನಪ್ಪಾ ಬೆಳೀತೀರ?" ಎಂದು ಕೇಳಿದೆ.

"ಹೊಲಾನಾ? ನಮ್ಮಪ್ಪ ಹಲ್ಲಿನ ಡಾಕ್ಟ್ರು, ಮಿಸ್ ಅರ್ನೆಟಾ. ಅಯೋವಾದವನು ಅಂದ ತಕ್ಷಣ ಎಲ್ಲರೂ ನನ್ನ ಕೈಗೆ ಗುದ್ದಲಿ ಕೊಟ್ಬಿಡ್ತಾರೆ. ನಾನು ಹಸೂನ ಕಾರಿನ ಕಿಟಕಿಯಿಂದ ನೋಡಿದೀನಿ, ಅಷ್ಟೆ."

"ಮತ್ತೆ ಸಂಜೆವರೆಗೂ ಮೈದಾನದಲ್ಲಿ ಏನು ಮಾಡ್ತೀಯ?"

ಅವನ ಕಿವಿ ಕೆಂಪಾಯಿತು. "ಅಲ್ಲಿ ಬಿಸಿನೀರಿನ ತೊಟ್ಟಿ ಇದೆ ಮೇಡಂ. ಒಂದ್ಸಲ ಇಳಿದ್ರೆ ಎದ್ದು ಬರೋಕೇ ಮನಸ್ಸಾಗಲ್ಲ."

ನಾನು ನಕ್ಕ ನಗುವಿಗೆ ಚಹಾ ಮೂಗಿಗೆ ಹತ್ತಿತು. ಅವನೂ ದುಡಿಯುತ್ತಾನೆ, ಸುಳ್ಳೇಕೆ ಹೇಳಲಿ. ಆದರೆ ತೊಟ್ಟಿಯಲ್ಲಿ ತೂಕಡಿಸಿದರೂ ಅವನದು ದುಡಿಮೆ, ನೆಲದ ಮೇಲೆ ಕೂತು ಕಣ್ಣು ಕೆಂಪಾಗುವಷ್ಟು ಕಲಿತರೂ ನಮ್ಮವನದು ದೇವರ ವರ.

ಶನಿವಾರ ಇಬ್ಬರೂ ಸರದಿಯಲ್ಲಿ ಆಡಬೇಕೆಂದು ಕೋಚ್ ಹೇಳಿದ್ದರು. ಮೊದಲ ಕಾಲು ಭಾಗ ಮಾರ್ಕ್ವೆಲ್‌ನದು. ನಾನೂ ಅಲೋಂಜೊನೂ ಮೈದಾನದ ಅಂಚಿನ ಕಂಬಿಯ ಹಿಂದೆಯೇ ಕೂತಿದ್ದೆವು. ಮೊದಲ ಎಸೆತ ಹಿಡಿಯುವವನ ಹಿಂದೆ ಬಿತ್ತು. ಎರಡನೆಯದು ಯಾರೂ ಇಲ್ಲದ ಕಡೆ ಹೋಯಿತು. ಮೂರನೆಯದನ್ನು ಎದುರಾಳಿಯೇ ಹಿಡಿದುಕೊಂಡ. ಮಾರ್ಕ್ವೆಲ್ ಹೊರಬಂದು, ಹೆಲ್ಮೆಟ್ ಕಿತ್ತು, ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂತ. ದೊಡ್ಡ ಪರದೆಯ ಮೇಲೆ ಅವನ ಮುಖವನ್ನೇ ತೋರಿಸಿದರು.

"ನೋಡ್ರೀ, ನಿದ್ದೆ ಹೊಡೀತಿದಾನೆ!" ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು. ನಾನು ತಿರುಗಿ ನೋಡಿದ ನೋಟಕ್ಕೆ ಆತ ಕೈಲಿದ್ದ ಕಡಲೆಕಾಯಿ ಪೊಟ್ಟಣ ಬಚ್ಚಿಟ್ಟುಕೊಂಡ.

ಗ್ರೇಡಿ ತನ್ನ ಸರದಿಗೆ ಮೈದಾನಕ್ಕೆ ಇಳಿಯುವವನು ಕಂಬಿಯ ಹತ್ತಿರ ಓಡಿ ಬಂದ. "ಮಿಸ್ ಅರ್ನೆಟಾ! ಜಡೆ ಎಷ್ಟು ಬಿಗೀ ಹಾಕಿದೀರ! ಅವನ ತಲೆ ಸಿಡೀತಿದೆ, ಹೆಲ್ಮೆಟ್ ಹಾಕಿದ್ರೆ ಕಣ್ಣು ಕತ್ತಲೆ ಬರತ್ತೆ. ನಿಮಗೆ ಹೇಳಬೇಡ ಅಂದ. ಇಳಿದು ಬನ್ನಿ!"

ಅಯ್ಯೋ ದೇವರೇ. ಆ ರೇಡಿಯೊದವನ ಕುತ್ತಿಗೆ ಹಿಚುಕಬೇಕಾದ ಕೈಯಿಂದ ನಾನು ನನ್ನ ಮಗುವಿನ ನೆತ್ತಿ ಬಿಗಿದಿದ್ದೆ. ಎರಡು ದಿನ ಹುಬ್ಬು ಎತ್ತಲಾರದಷ್ಟು ನೋವು ನುಂಗಿಕೊಂಡು ಇವನು ಬಾಯಿಬಿಟ್ಟಿರಲಿಲ್ಲ. ಅವನ ಅಪ್ಪ ಕಳೆದುಕೊಂಡ ಜಾಗವನ್ನು ಈಗ ನನ್ನ ಬೆರಳುಗಳೇ ಕಿತ್ತುಕೊಳ್ಳುತ್ತಿದ್ದವು. ಅಳು ಬಂತು, ಆದರೆ ಅಳುತ್ತ ಕೂರಲು ಪುರುಸೊತ್ತಿರಲಿಲ್ಲ. ಚೀಲದಲ್ಲಿ ಬಾಚಣಿಗೆ ಯಾವಾಗಲೂ ಇರುತ್ತದೆ. ಕೆಳಗೆ ಓಡಿದೆ, ಅಲೋಂಜೊ ಹಿಂದೆಯೇ ಬಂದ. ಕಾವಲುಗಾರ ತಡೆದ.

"ಆ ಹುಡುಗನ ತಲೆ ನಾನು ಕಟ್ಟಿದ್ದು, ನಾನೇ ಬಿಚ್ಚಬೇಕು. ಪಕ್ಕಕ್ಕೆ ಸರಿ ಮಗ," ಎಂದೆ. ಅವನೂ ಒಬ್ಬ ಅತ್ತೆಯ ಕೈಯಲ್ಲಿ ಬೆಳೆದವನೇ ಇರಬೇಕು, ಸರಿದ.

ಒಳಗೆ, ಆಟಗಾರರ ಕೋಣೆಯಲ್ಲಿ, ಡಾಕ್ಟರು ಮಾರ್ಕ್ವೆಲ್‌ನ ಕಣ್ಣಿಗೆ ಬೆಳಕು ಬಿಟ್ಟು ನೋಡುತ್ತಿದ್ದರು. "ತಲೆಗೆ ಏಟೇನೂ ಬಿದ್ದಿಲ್ಲ. ಈ ಕೂದಲು ಬಿಚ್ಚಿದ್ರೆ ಸಾಕು ಅನ್ಸತ್ತೆ," ಎಂದು ನನ್ನನ್ನು ನೋಡಿ ನಕ್ಕರು. ನಾನು ಬೆಂಚಿನ ಮೇಲೆ ಕೂತೆ. ಅವನು ಎಂದಿನಂತೆ ನೆಲಕ್ಕಿಳಿದು ನನ್ನ ಮೊಣಕಾಲುಗಳ ನಡುವೆ ಕೂತ.

"ಹೇಳಬಾರದಿತ್ತೇನೋ, ಕತ್ತೆ?"

"ನಿಮಗೆ ಬೇಜಾರಾಗತ್ತೆ ಅಂತ, ಅತ್ತೆ."

ಬಾಚಣಿಗೆಯ ಚೂಪು ಬಾಲದಿಂದ ಹಣೆಯ ಮೇಲಿನ ಮೊದಲ ಸಾಲು ಬಿಡಿಸಿದೆ. ಅವನು ಉಸಿರು ಬಿಟ್ಟ. ಬಾಚಣಿಗೆ ನೆತ್ತಿಗೆ ತಾಗಿತು, ಬಾಯಿ ಶುರುವಾಯಿತು. ಕಣ್ಣು ಮುಚ್ಚಿದ್ದ, ಎದುರಿಗೆ ಟ್ಯಾಬ್ ಇರಲಿಲ್ಲ. ಆದರೂ ಎದುರಾಳಿಗಳ ಒಬ್ಬೊಬ್ಬನನ್ನೂ ಕಣ್ಮುಂದೆ ನಿಲ್ಲಿಸಿಕೊಂಡು ಹೇಳುತ್ತ ಹೋದ. ಇಪ್ಪತ್ತೊಂದನೆಯ ನಂಬರಿನ ಅಂಗಿಯವನು ತೋಳು ಕೆಳಗಿಟ್ಟರೆ ಮುನ್ನುಗ್ಗುತ್ತಾನೆ. ಅವನು ಬಿಟ್ಟ ಜಾಗಕ್ಕೆ ಯಾರೂ ಬರುವುದಿಲ್ಲ, ಚೆಂಡು ಅಲ್ಲಿಗೆ. ನಾನು ಬಿಡಿಸುತ್ತಿದ್ದೆ, ಅವನು ಹೇಳುತ್ತಿದ್ದ. ಆಟದ ನಡುವಿನ ವಿರಾಮದಲ್ಲಿ ಕೋಚ್ ಬಂದು ಬಾಗಿಲಲ್ಲಿ ನಿಂತದ್ದು ನಮಗಿಬ್ಬರಿಗೂ ಗೊತ್ತಾಗಲಿಲ್ಲ.

"ಇದೇನು ಇದು?" ಎಂದರು ಅವರು, ಅಷ್ಟನ್ನೂ ಕೇಳಿಸಿಕೊಂಡು.

"ಇದು ಗುರುವಾರ," ಎಂದೆ. "ಶನಿವಾರ ಬಂದಿದೆ, ಅಷ್ಟೆ. ಇವನು ಎಲ್ಲಿಗೆ ಹೋಗ್ತಾನೆ ಅಂತ ಊರಿಗೆಲ್ಲ ಚಿಂತೆಯಲ್ಲ, ನನ್ನ ಅಂಗಡಿಗೇ ಕಣ್ರೀ ಬರೋದು. ನನ್ನ ಕಾಲ ಹತ್ರ ಕೂತು ಮಾಡೋದು ಇದನ್ನೇ."

ಕೋಚ್ ಮಾರ್ಕ್ವೆಲ್‌ನನ್ನು ನೋಡಿದರು. "ನನಗೆ ಯಾಕೆ ಹೇಳಲಿಲ್ಲ?"

"ನೀವು ಕೇಳಲಿಲ್ಲ, ಸರ್."

ಅವರು ಮುಖ ಒರೆಸಿಕೊಂಡರು. "ಇಲ್ಲ. ಕೇಳಲಿಲ್ಲ," ಎಂದರು. ಗೋಡೆಗೆ ಒರಗಿ ನಿಂತಿದ್ದ ಅಲೋಂಜೊ ತಲೆ ತಗ್ಗಿಸಿದ. ಅವನನ್ನೂ ಆ ಕಾಲದಲ್ಲಿ ಯಾರೂ ಏನೂ ಕೇಳಿರಲಿಲ್ಲ.

ಮತ್ತೆ ಸಾಲು ಹೆಣೆಯಲು ಹೊತ್ತಿರಲಿಲ್ಲ. ನಡು ಬೈತಲೆ ತೆಗೆದು, ಸ್ಕೂಲಿಗೆ ಹೋಗುವ ಹುಡುಗಿಯರ ಹಾಗೆ ಎರಡೇ ಎರಡು ಸಡಿಲ ಜಡೆ ಹಾಕಿ ಕಳಿಸಿದೆ. ಮೈದಾನದಲ್ಲಿ ಜನ ನಕ್ಕರು. ಇಪ್ಪತ್ತೊಂದನೆಯವನು ತೋಳು ಕೆಳಗಿಟ್ಟ. ಅವನು ಮುನ್ನುಗ್ಗುವ ಮೊದಲೇ ಚೆಂಡು ಅವನು ಬಿಟ್ಟ ಜಾಗದಲ್ಲಿತ್ತು. ಆಮೇಲೆ ಯಾರೂ ನಗಲಿಲ್ಲ. ಬೆಂಚಿನ ಮೇಲಿದ್ದ ಗ್ರೇಡಿ ಮಾತ್ರ ಟವೆಲ್ ಬೀಸಿ ಬೀಸಿ ಕುಣಿಯುತ್ತಿದ್ದ, ಹೋಗುತ್ತಿರುವುದು ತನ್ನ ಜಾಗ ಎಂಬ ಪರಿವೆಯೇ ಇಲ್ಲದೆ.

ಸೋಮವಾರ ಹೆಸರು ಹೇಳಿದರು: ಮಾರ್ಕ್ವೆಲ್. ರೇಡಿಯೊದವನು ಏನೆಂದ ಗೊತ್ತೆ? "ಇದು ಹುಟ್ಟಿನಿಂದ ಬರೋದು ಸ್ವಾಮಿ, ಕಲಿತು ಬರೋದಲ್ಲ!" ಪ್ಲಗ್ಗನ್ನೇ ಕಿತ್ತು ಎಸೆದೆ.

ಗುರುವಾರ ಮಾರ್ಕ್ವೆಲ್ ಬಂದ. ಹಿಂದೆಯೇ ಗ್ರೇಡಿ, ಕೈಯಲ್ಲಿ ತನ್ನದೂ ಒಂದು ಟ್ಯಾಬ್. "ಕೋಚ್ ಕಳಿಸಿದ್ರು, ಕಲ್ತುಕೋ ಹೋಗು ಅಂತ. ಮೀನಿದೆಯಾ ಮೇಡಂ?"

"ಅತ್ತೆ, ಈ ಸಲ ಸ್ವಲ್ಪ ಸಡಿಲ," ಎಂದು ಮಾರ್ಕ್ವೆಲ್ ದಿಂಬಿನ ಮೇಲೆ ಕೂತ. ಆಟ ಹಚ್ಚಿದ. ಅಲೋಂಜೊ ಎಂದಿನಂತೆ ಎದ್ದ, ಬಾಗಿಲವರೆಗೆ ಹೋದ, ಹಿಡಿಕೆಯ ಮೇಲೆ ಕೈಯಿಟ್ಟ.

"ಎಡಗಡೆಯವನು ಮುಂದೆ ಬರ್ತಾನೆ," ಎಂದ ಮಾರ್ಕ್ವೆಲ್. "ಚೆಂಡು ಎಡಕ್ಕೆ."

"ಇಲ್ಲ," ಎಂದಿತು ಬಾಗಿಲ ಕಡೆಯಿಂದ ಒಂದು ದನಿ. "ಅವನ ಪಾದ ನೋಡು. ಬರೋ ಹಾಗೆ ನಟಿಸ್ತಿದಾನೆ. ಮಧ್ಯಕ್ಕೆ ಎಸಿ, ಮಗ."

ನನ್ನ ಕೈ ನಿಂತಿತು. ಯಾರೂ ತಿರುಗಿ ನೋಡಲಿಲ್ಲ; ನೋಡಿದರೆ ಎಲ್ಲಿ ಹೊರಗೆ ಹೋಗಿಬಿಡುತ್ತಾನೋ ಎಂಬ ಹೆದರಿಕೆ. ಗ್ರೇಡಿ ತಾನು ಕೂತಿದ್ದ ಕುರ್ಚಿಯನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿ ನೆಲದ ಮೇಲೆ ಕೂತ. ಅಲೋಂಜೊ ಬಂದು ಆ ಕುರ್ಚಿಯ ಮೇಲೆ ಕೂತು, ಕನ್ನಡಕ ಹಾಕಿಕೊಂಡು, ಮಗನ ಭುಜದ ಮೇಲಿಂದ ಬಗ್ಗಿದ.

"ಆಟ ಹಿಂದಕ್ಕೆ ಓಡಿಸು," ಎಂದ. "ಮೊದಲಿಂದ ತೋರಿಸು."