ತಂಗಿಯ ಜಾಗ

"ಸರೀರಿ, ಸರೀರಿ, ದಾರಿ ಬಿಡಿ! ತಂಗಿ ಬಂದ್ರು!"

ಬಾಗಿಲಲ್ಲಿ ಗುಂಪುಗಟ್ಟಿದ್ದ ಹೆಂಗಸರು ಎರಡು ಪಾಲಾದರು. ಊರ ಬಸ್ಸಿನ ಡ್ರೈವರ್ ಬಾಯಿಂದ ಅಕ್ಕನ ಸಾವಿನ ಸುದ್ದಿ ಕೇಳಿ, ಅದೇ ಬಸ್ಸು ಹತ್ತಿ ಬಂದಿದ್ದ ತಂಗಿ ಕಣ್ಣೊರೆಸಿಕೊಂಡು ಹೆಜ್ಜೆ ಮುಂದಿಟ್ಟಳು. ಇಷ್ಟು ದೊಡ್ಡ ಪಟ್ಟಣದಲ್ಲಿ ತನ್ನ ಗುರುತು ಹಿಡಿಯುವವರೂ ಇದ್ದಾರಲ್ಲ ಎಂದು ಆ ದುಃಖದಲ್ಲೂ ಸಮಾಧಾನವೇ ಆಯಿತು. ಅಷ್ಟರಲ್ಲಿ ಅವಳ ಹೆಗಲಿಗೆ ಒರಸಿಕೊಂಡೇ ಇನ್ನೊಬ್ಬ ಹೆಂಗಸು ಒಳನುಗ್ಗಿ, "ಅಕ್ಕಾ, ನನ್ನೊಬ್ಬಳನ್ನೇ ಬಿಟ್ಟು ಹೋದ್ಯಲ್ಲೇ" ಎಂದು ಹೆಣದ ಮೇಲೆ ಬಿದ್ದಳು. ದಾರಿ ಬಿಟ್ಟಿದ್ದು ಅವಳಿಗೆ.

"ಯಾರವರು?" ತಂಗಿ ಪಕ್ಕದವಳನ್ನು ಕೇಳಿದಳು.

"ಗೊತ್ತಿಲ್ವಾ? ಒಡಹುಟ್ಟಿದ ತಂಗಿ. ಮೂವತ್ತು ವರ್ಷದಿಂದ ಇಬ್ರೂ ಬಟ್ಟೆ ಕಾರ್ಖಾನೆಯವ್ರ ಇದೇ ರೂಮಲ್ಲಿ. ಒಬ್ರು ಕಾಲರ್ ಹೊಲಿದ್ರೆ ಇನ್ನೊಬ್ರು ಗುಂಡಿ ಹಾಕೋರು. ಇಂಥ ಅಕ್ಕತಂಗೀರನ್ನ ನಾನಂತೂ ಕಂಡಿಲ್ಲ ಬಿಡಿ. ನೀವು?"

"ನಾನು... ಊರಿಂದ."

\*

ಹೊಲಿಗೆ ಕಲಿತದ್ದು ಇಬ್ಬರೂ, ಒಂದೇ ಮಿಷನ್ನಿನ ಮೇಲೆ, ಕಿತ್ತಾಡಿಕೊಂಡು. ಪಟ್ಟಣದ ಕನಸು ಕಂಡದ್ದೂ ಇಬ್ಬರೂ. ಬಸ್ಸು ಹತ್ತಿದ್ದು ಮಾತ್ರ ಅಕ್ಕ.

"ಮೊದ್ಲು ನಾನು ಹೋಗಿ ಕಾಲೂರ್ತೀನಿ. ಅಲ್ಲೀವರೆಗೂ ಅಮ್ಮನ್ನ ನೋಡ್ಕೊಂಡಿರು. ನಿನ್ನ ಬಿಟ್ಟು ನಾನೇನು ಅಲ್ಲಿ ರಾಜ್ಯ ಆಳ್ಬೇಕಾ?"

ವರ್ಷಕ್ಕೊಮ್ಮೆ ಬರುವಳು. ತಂಗಿ ಬಟ್ಟೆ ಗಂಟು ಕಟ್ಟಿಕೊಂಡೇ ಕೂತಿರುವಳು. "ಈ ಸಲ ಜಾಗ ಇಲ್ಲ ಕಣೇ, ಮುಂದಿನ ಸಲ ಖಂಡಿತ." ಹೀಗೆ ಮೂಗಿಗೆ ತುಪ್ಪ ಸವರುವುದರಲ್ಲೇ ಕಾಲ ಕಳೆಯಿತು. ಅಮ್ಮ ಹಾಸಿಗೆ ಹಿಡಿದಳು, ಹೋದಳು. ಅಷ್ಟರಲ್ಲಿ ತಂಗಿಯ ತಲೆ ನೆರೆತಿತ್ತು. ಆದರೂ ಅಕ್ಕನನ್ನು ಒಂದು ದಿನವೂ ದೂರಿದವಳಲ್ಲ. ಜಾಗವೇ ಇಲ್ಲದಿದ್ದರೆ ಪಾಪ, ಅವಳಾದರೂ ಏನು ಮಾಡಿಯಾಳು?

\*

ಹಿತ್ತಲ ನಲ್ಲಿಯಲ್ಲಿ ಮುಖ ತೊಳೆಯುತ್ತಿದ್ದ ಆ ಹೆಂಗಸಿನ ಎದುರು ತಂಗಿ ಹೋಗಿ ನಿಂತಳು.

"ನಮ್ಮಮ್ಮ ಹೆತ್ತಿದ್ದು ಇಬ್ರನ್ನೇ. ನೀನ್ಯಾವಳು?"

ಅವಳ ಮುಖ ಬಿಳಿಚಿತು. "ಊರಿನ ತಂಗಿನಾ ನೀವು?" ಅತ್ತಿತ್ತ ನೋಡಿ ದನಿ ತಗ್ಗಿಸಿದಳು. "ಕಾರ್ಖಾನೆಯವ್ರು ಅಕ್ಕತಂಗೀರಿಗೆ ಮಾತ್ರ ರೂಮು ಕೊಡೋದು. ಅವರ ಜಗಳ ಸಂಜೆಗೆ ಮುಗಿಯುತ್ತೆ, ಬೇರೆಯವ್ರದ್ದು ಮೇಲ್ವಿಚಾರಕರ ತಲೆ ತಿನ್ನುತ್ತೆ ಅಂತ. ಅಕ್ಕ ನಿಮಗೇ ಅಂತ ಜಾಗ ಹಿಡಿದಿದ್ರು. ಪಟ್ಟಣ ಅಂದ್ರೆ ಹೆದರಿಕೆ, ಬರಲ್ಲ ಅಂದ್ರಂತಲ್ಲ ನೀವು? ಅದಕ್ಕೇ ನನ್ನನ್ನೇ ತಂಗಿ ಅಂತ ಸೇರಿಸ್ಕೊಂಡ್ರು."

"ಬರಲ್ಲ ಅಂದ್ನಾ ನಾನು? ಯಾವಾಗ ಹೇಳಿದ್ಲು ಹಾಗಂತ?"

"ಅವರು ಪಟ್ಟಣಕ್ಕೆ ಬಂದ ಮೊದಲ್ನೇ ತಿಂಗಳೇ."

ದಾರಿಯುದ್ದಕ್ಕೂ ಅತ್ತುಕೊಂಡು ಬಂದವಳ ಕಣ್ಣಲ್ಲಿ ಈಗ ಹನಿ ನೀರಿಲ್ಲ. ಸತ್ತವಳನ್ನು ಎಬ್ಬಿಸುವಂತಿದ್ದರೆ ಕೆನ್ನೆಗೆ ಬಾರಿಸಿಯೇ ಕೇಳುತ್ತಿದ್ದಳು.

"ಯಾರಿಗೂ ಹೇಳ್ಬೇಡಿ. ತಂಗಿ ಅಲ್ಲ ಅಂತ ಗೊತ್ತಾದ್ರೆ ರೂಮು ಬಿಡಿಸ್ತಾರೆ. ಈ ವಯಸ್ಸಲ್ಲಿ ಎಲ್ಲಿಗೆ ಹೋಗ್ಲಿ?"

ತಂಗಿ ಬೆನ್ನು ತಿರುಗಿಸಿ, ಹೆಣ ಎತ್ತುತ್ತಿದ್ದ ಕಡೆ ನಡೆದಳು.

\*

ಸ್ಮಶಾನದಲ್ಲಿ ಗುಂಡಿ ತೋಡಿದವನು ಗುದ್ದಲಿ ಊರಿಕೊಂಡು ಕೂಗಿದ. "ಒಡಹುಟ್ಟಿದವ್ರು ಮುಂದೆ ಬನ್ನಿ, ಮೊದಲ ಮಣ್ಣು ಹಾಕಿ."

ಆ ಹೆಂಗಸು ಹಿಂತಿರುಗಿ ತಂಗಿಯನ್ನೇ ನೋಡಿದಳು. ಕೈ ಹಿಡಿದು ಜೊತೆಗಾದರೂ ಕರೆದಾಳು ಎಂದು ತಂಗಿ ಕಾದಳು. ಕಾಯುವುದು ಅವಳಿಗೇನು ಹೊಸದಲ್ಲ. ಆ ಹೆಂಗಸು ಮುಖ ತಿರುಗಿಸಿಕೊಂಡು ಒಬ್ಬಳೇ ಮುಂದೆ ನಡೆದಳು.

ಸತ್ಯ ತಂಗಿಯ ನಾಲಿಗೆಯ ತುದಿಗೆ ಬಂದಿತ್ತು. ಬಗ್ಗಿ ಮಣ್ಣು ಹಿಡಿದು ಎರಡು ಹೆಜ್ಜೆ ಹಾಕಿದ್ದಳಷ್ಟೆ, ಯಾರೋ ಮೆತ್ತಗೆ ತೋಳು ಹಿಡಿದರು.

"ಸ್ವಲ್ಪ ತಡೀರಮ್ಮ. ಮೊದ್ಲು ಮನೆಯವ್ರದ್ದು ಆಗ್ಲಿ. ನಾವು ಹೊರಗಿನವ್ರು ಆಮೇಲೆ ಸಾಲಾಗಿ ಹೋಗೋಣ."

ತಂಗಿ ಸಾಲಿನ ಕೊನೆಗೆ ಹೋಗಿ ನಿಂತಳು. ಸರದಿ ಬಂದಾಗ ಗುಂಡಿಯ ಅಂಚಿನಲ್ಲಿ ಕೈ ಚಾಚಿದಳು. ಮುಷ್ಟಿ ಬಿಚ್ಚಲಿಲ್ಲ. ಆ ಮಣ್ಣನ್ನು ಹಿಡಿದುಕೊಂಡೇ ಬಸ್ ನಿಲ್ದಾಣದ ದಾರಿ ಹಿಡಿದಳು.